8 ಇಂಚಿನ ಡಾಬ್ಸೋನಿಯನ್‌ಗೆ ಮೊದಲ ಕ್ಯಾಮೆರಾ ಯಾವ್ದು ತಗೊಳ್ಳಿ? ಹಳೇ ಡಿಎಸ್‌ಎಲ್‌ಆರ್ ಸಾಕಾ, ಪ್ಲಾನೆಟರಿ ಕ್ಯಾಮೆರಾನೇ ಬೇಕಾ?

ಬಾನದಾರಿ:

ಎಲ್ರಿಗೂ ನಮಸ್ಕಾರ. ನನ್ನ ಹತ್ರ 8 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂತಿರೋ ಕನ್ನಡಿ ಟೆಲಿಸ್ಕೋಪ್) ಇದೆ, ಫೋಕಲ್ ಲೆಂತ್ 1200 ಎಂಎಂ, ಎಫ್ ರೇಶಿಯೋ (ಫೋಕಲ್ ಲೆಂತ್‌ನ ಕನ್ನಡಿ ಅಗಲದಿಂದ ಭಾಗಿಸಿದ್ದು) ಹೆಚ್ಚುಕಮ್ಮಿ ಎಫ್/6. ಮೋಟರ್ ಗೀಟರ್ ಏನೂ ಇಲ್ಲ, ಕೈಯಲ್ಲಿ ತಳ್ಕೊಂಡು ನೋಡೋದಷ್ಟೇ. ಇಷ್ಟು ದಿನ ಕಣ್ಣಲ್ಲಿ ನೋಡ್ತಿದ್ದೆ, ಈಗ ಶನಿಯ ಬಳೆ, ಗುರುವಿನ ಪಟ್ಟಿ ಇದನ್ನೆಲ್ಲ ಫೋಟೋ ತೆಗೀಬೇಕು ಅಂತ ತುಂಬಾ ಆಸೆ ಆಗ್ತಿದೆ. ಚಂದ್ರ ಅಂತೂ ಬೇಕೇ ಬೇಕು. ಆಗೋದಾದ್ರೆ ಮಹಾವ್ಯಾಧದ ನೀಹಾರಿಕೆ, ಆಂಡ್ರೊಮಿಡಾ ಗೆಲಾಕ್ಸಿ ಕೂಡ.

ಕ್ಯಾಮೆರಾ ಹುಡುಕೋಕೆ ಶುರು ಮಾಡಿದ್ರೆ ತಲೆ ತಿರುಗ್ತಾ ಇದೆ. ಒಬ್ರು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ತಗೋ ಅಂತಾರೆ, ಇನ್ನೊಬ್ರು ಐಎಂಎಕ್ಸ್462 ಸೆನ್ಸರ್ ಇರೋ, ಗ್ರಹಗಳಿಗೇ ಅಂತ ಮಾಡಿರೋ ಪುಟ್ಟ ಪ್ಲಾನೆಟರಿ ಕ್ಯಾಮೆರಾ ತಗೋ ಅಂತಾರೆ, ಮತ್ತೊಬ್ರು ಸೆನ್ಸರ್‌ನ ತಣ್ಣಗಿಡೋ ಕೂಲ್ಡ್ ಕ್ಯಾಮೆರಾ ಇಲ್ದೆ ಕೆಲಸ ಆಗಲ್ಲ ಅಂತಾರೆ. ಡಿಎಸ್‌ಎಲ್‌ಆರ್‌ನಲ್ಲಿ 24 ಮೆಗಾಪಿಕ್ಸೆಲ್ ಇರುತ್ತೆ, ಆ ಪುಟ್ಟ ಕ್ಯಾಮೆರಾದಲ್ಲಿ ಬರೀ 2 ಮೆಗಾಪಿಕ್ಸೆಲ್, ಆದ್ರೂ ಗ್ರಹಗಳಿಗೆ ಎಲ್ರೂ ಅದನ್ನೇ ಯಾಕೆ ಹೇಳ್ತಾರೆ ಅನ್ನೋದು ನನಗೆ ಅರ್ಥ ಆಗ್ತಿಲ್ಲ. ಒಂದೇ ಕ್ಯಾಮೆರಾದಲ್ಲಿ ಎಲ್ಲಾ ಆಗ್ಬೇಕು ಅಂದ್ರೆ ಯಾವ್ದು? ತಿಳಿದವ್ರು ದಯವಿಟ್ಟು ಹೇಳಿ.

ಉಲ್ಕೆ88:

ನಮಸ್ಕಾರ ಬಾನದಾರಿ ಅವ್ರೇ. ಒಂದೇ ಕ್ಯಾಮೆರಾದಲ್ಲಿ ಎಲ್ಲಾ ಅನ್ನೋದನ್ನ ಮೊದಲು ತಲೆಯಿಂದ ತೆಗೆದುಬಿಡಿ, ಯಾಕಂದ್ರೆ ನೀವು ಕೇಳ್ತಿರೋದು ಎರಡು ಬೇರೆ ಬೇರೆ ಕೆಲಸ. ಗ್ರಹ, ಚಂದ್ರ ಒಂದು. ನೀಹಾರಿಕೆ, ಗೆಲಾಕ್ಸಿ ಇನ್ನೊಂದು. ಯಾವ್ದು ಸಾಧ್ಯ ಅಂತ ತೀರ್ಮಾನ ಮಾಡೋದು ಕ್ಯಾಮೆರಾ ಅಲ್ಲ, ಟೆಲಿಸ್ಕೋಪ್ ಕೂತಿರೋ ಮೌಂಟು.

ಲೆಕ್ಕ ನೋಡಿ. ಒಂದು ಪಿಕ್ಸೆಲ್ ಆಕಾಶದ ಎಷ್ಟು ಭಾಗ ನೋಡುತ್ತೆ ಅಂತ ತಿಳಿಯೋಕೆ ಪಿಕ್ಸೆಲ್ ಸೈಜನ್ನ ಮೈಕ್ರಾನ್‌ನಲ್ಲಿ ತಗೊಂಡು 206 ರಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸ್ಬೇಕು. ಐಎಂಎಕ್ಸ್462ರ ಪಿಕ್ಸೆಲ್ 2.9 ಮೈಕ್ರಾನ್, ನಿಮ್ಮದು 1200 ಎಂಎಂ, ಅಂದ್ರೆ ಒಂದು ಪಿಕ್ಸೆಲ್‌ಗೆ ಸುಮಾರು ಅರ್ಧ ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್). ಭೂಮಿ ತಿರುಗೋದ್ರಿಂದ ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಜಾರುತ್ತೆ. ಹಾಗಾಗಿ ನಿಮ್ಮ ಡಾಬ್‌ನಲ್ಲಿ ನಕ್ಷತ್ರ ಸೆಕೆಂಡಿಗೆ 30 ಪಿಕ್ಸೆಲ್ ಓಡುತ್ತೆ. ನೀಹಾರಿಕೆಗೆ ಅಂತ 30 ಸೆಕೆಂಡ್ ಎಕ್ಸ್‌ಪೋಶರ್ ಕೊಟ್ರೆ 900 ಪಿಕ್ಸೆಲ್ ಉದ್ದದ ಗೆರೆ ಬರುತ್ತೆ, ಎಂಥ ಕೂಲ್ಡ್ ಕ್ಯಾಮೆರಾ ಹಾಕಿದ್ರೂ ಅದೇ ಗೆರೆ. ಆದ್ರೆ ಗುರು ಪ್ರಕಾಶಮಾನವಾಗಿ ಇರೋದ್ರಿಂದ ಅದಕ್ಕೆ 10 ಮಿಲಿಸೆಕೆಂಡ್ ಸಾಕು, ಅಷ್ಟರಲ್ಲಿ ಜಾರೋದು ಪಿಕ್ಸೆಲ್‌ನ ಮೂರನೇ ಒಂದು ಭಾಗ, ಕಣ್ಣಿಗೇ ಕಾಣಲ್ಲ. ಅದಕ್ಕೇ ಮೋಟರ್ ಇಲ್ಲದ ಡಾಬ್‌ನಲ್ಲಿ ಗ್ರಹ ಚಂದ್ರ ಚೆನ್ನಾಗಿ ಬರುತ್ತೆ, ನೀಹಾರಿಕೆ ಬರಲ್ಲ.

ಈಗ 2 ಮೆಗಾಪಿಕ್ಸೆಲ್ ವಿಷಯ. ಗುರು ಭೂಮಿಗೆ ಹತ್ರ ಇದ್ದಾಗ 45ರಿಂದ 50 ಆರ್ಕ್‌ಸೆಕೆಂಡ್ ಅಗಲ ಕಾಣುತ್ತೆ. ಅಂದ್ರೆ ನೇರವಾಗಿ ಹಾಕಿದ್ರೆ ಸೆನ್ಸರ್ ಮೇಲೆ ಬರೀ 90, 100 ಪಿಕ್ಸೆಲ್. ಮಿಕ್ಕಿದ್ದೆಲ್ಲ ಕಪ್ಪು ಆಕಾಶ. 24 ಮೆಗಾಪಿಕ್ಸೆಲ್ ಇದ್ರೆ ಕಪ್ಪು ಆಕಾಶ ಜಾಸ್ತಿ ಸಿಗುತ್ತೆ ಅಷ್ಟೇ. ಇಲ್ಲಿ ಬೇಕಾಗಿರೋದು ವೇಗ. ನಮ್ಮ ಮೇಲಿರೋ ಗಾಳಿ ಸದಾ ಅಲುಗಾಡ್ತಾನೇ ಇರುತ್ತೆ, ಐಪೀಸ್‌ನಲ್ಲಿ ನೋಡುವಾಗ ಗುರು ಒಂದು ಕ್ಷಣ ಸ್ಪಷ್ಟ ಆಗಿ ಮತ್ತೆ ಮಸುಕಾಗೋದನ್ನ ನೀವೇ ನೋಡಿರ್ತೀರಿ. ಸೆಕೆಂಡಿಗೆ ನೂರು ಫ್ರೇಮ್ ತೆಗೆಯೋ ಕ್ಯಾಮೆರಾ ಆ ಸ್ಪಷ್ಟ ಕ್ಷಣಗಳನ್ನ ಹಿಡಿಯುತ್ತೆ, ಸಾವಿರಾರು ಫ್ರೇಮ್‌ನಲ್ಲಿ ಚೆನ್ನಾಗಿರೋ ಕಾಲು ಭಾಗ ಮಾತ್ರ ಆರಿಸ್ಕೊಂಡು ಆಟೋಸ್ಟಾಕರ್ಟ್ ಸಾಫ್ಟ್‌ವೇರ್ ಒಂದರ ಮೇಲೊಂದು ಕೂರಿಸುತ್ತೆ, ಆಮೇಲೆ ರಿಜಿಸ್ಟಾಕ್ಸ್‌ನಲ್ಲಿ ವೇವ್ಲೆಟ್ ಶಾರ್ಪನಿಂಗ್ ಮಾಡಿದ್ರೆ ಪಟ್ಟಿ, ಕೆಂಪು ಮಚ್ಚೆ ಎಲ್ಲಾ ಎದ್ದು ಬರುತ್ತೆ. ಎರಡೂ ಸಾಫ್ಟ್‌ವೇರ್ ಉಚಿತ.

ಹಾಗಾಗಿ ನನ್ನ ಉತ್ತರ: ಐಎಂಎಕ್ಸ್462 ಅಥವಾ ಐಎಂಎಕ್ಸ್585 ಸೆನ್ಸರ್ ಇರೋ ಕಲರ್ ಕ್ಯಾಮೆರಾ, ಜೊತೆಗೆ ಒಂದು ಒಳ್ಳೇ 2ಎಕ್ಸ್ ಬಾರ್ಲೋ (ಫೋಕಲ್ ಲೆಂತ್‌ನ ಎರಡರಷ್ಟು ಮಾಡೋ ಲೆನ್ಸ್). ಪಿಕ್ಸೆಲ್ ಸೈಜನ್ನ 5ರಿಂದ ಗುಣಿಸಿದ್ರೆ ಬರೋ ಸಂಖ್ಯೆಗೆ ಹತ್ರದ ಎಫ್ ರೇಶಿಯೋ ಇರ್ಬೇಕು ಅಂತ ಒಂದು ಅಂದಾಜು ಇದೆ, 2.9ಕ್ಕೆ ಅದು 14.5 ಆಗುತ್ತೆ. ನಿಮ್ಮ ಎಫ್/6ಗೆ 2ಎಕ್ಸ್ ಹಾಕಿದ್ರೆ ಎಫ್/12, ಸರಿಯಾಗಿ ಹೊಂದುತ್ತೆ. 3ಎಕ್ಸ್ ಬೇಡ, ಗಾಳಿ ತುಂಬಾ ಶಾಂತವಾಗಿರೋ ರಾತ್ರಿ ಬಿಟ್ರೆ ಅದು ದೊಡ್ಡದಾಗಿ ಮಸುಕು ತೋರಿಸುತ್ತೆ ಅಷ್ಟೇ.

ಕತ್ತಲುಬಾನು:

ಉಲ್ಕೆ ಸರ್ ಹೇಳಿದ್ದು ಗ್ರಹಗಳ ಮಟ್ಟಿಗೆ ನೂರಕ್ಕೆ ನೂರು ಸರಿ, ಆದ್ರೆ ಡಿಎಸ್‌ಎಲ್‌ಆರ್‌ನ ಅಷ್ಟು ಬೇಗ ಪಕ್ಕಕ್ಕೆ ಇಡಬೇಡಿ ಅಂತ ನನ್ನ ಅಭಿಪ್ರಾಯ. ಚಂದ್ರನ್ನೇ ತಗೊಳ್ಳಿ. ಟೆಲಿಸ್ಕೋಪ್ ಒಳಗೆ ಬೀಳೋ ಚಂದ್ರನ ಬಿಂಬದ ಅಗಲ ಫೋಕಲ್ ಲೆಂತ್‌ನ ಸುಮಾರು 110ನೇ ಒಂದು ಭಾಗ ಇರುತ್ತೆ, 1200ಕ್ಕೆ 11 ಎಂಎಂ. ಕ್ಯಾನನ್ ಎಪಿಎಸ್‌ಸಿ ಸೆನ್ಸರ್ 22.3 ಬೈ 14.9 ಎಂಎಂ, ಪೂರ್ತಿ ಚಂದ್ರ ಒಂದೇ ಫ್ರೇಮಲ್ಲಿ ಆರಾಮಾಗಿ ಕೂರುತ್ತೆ. ಐಎಂಎಕ್ಸ್462 ಸೆನ್ಸರ್ 5.6 ಬೈ 3.2 ಎಂಎಂ ಅಷ್ಟೇ, ಅದರಲ್ಲಿ ಪೂರ್ತಿ ಚಂದ್ರ ಬೇಕು ಅಂದ್ರೆ ಹತ್ತು ಹದಿನೈದು ತುಂಡು ತೆಗೆದು ಜೋಡಿಸ್ಬೇಕು, ಅದೂ ಟ್ರ್ಯಾಕಿಂಗ್ (ಆಕಾಶದ ಜೊತೆ ಟೆಲಿಸ್ಕೋಪ್ ತಾನೇ ತಿರುಗೋದು) ಇಲ್ದೆ. ಕುಳಿಗಳ ಕ್ಲೋಸಪ್‌ಗೆ ಪುಟ್ಟ ಸೆನ್ಸರ್, ಇಡೀ ಚಂದ್ರನಿಗೆ ಡಿಎಸ್‌ಎಲ್‌ಆರ್. ಇನ್ನೊಂದು ಏನಂದ್ರೆ ಡಿಎಸ್‌ಎಲ್‌ಆರ್‌ನ ಟೆಲಿಸ್ಕೋಪಿನಿಂದ ಬಿಚ್ಚಿ ಟ್ರೈಪಾಡ್ ಮೇಲೆ ಇಟ್ಟು 50 ಎಂಎಂ ಲೆನ್ಸ್ ಹಾಕಿದ್ರೂ ನಕ್ಷತ್ರಪುಂಜಗಳ ಫೋಟೋ ತೆಗೀಬಹುದು, ಲ್ಯಾಪ್‌ಟಾಪ್ ಬೇಡ, ವೈರ್ ಬೇಡ.

ಆದ್ರೆ ತಗೊಳ್ಳೋಕೆ ಮುಂಚೆ ಒಂದು ವಿಷಯ ಖಂಡಿತ ಚೆಕ್ ಮಾಡ್ಕೊಳ್ಳಿ, ಇದನ್ನ ಅಂಗಡಿಯವರು ಹೇಳಲ್ಲ. ಕಣ್ಣಲ್ಲಿ ನೋಡೋಕೆ ಮಾಡಿರೋ ಬಹಳಷ್ಟು ಡಾಬ್‌ಗಳಲ್ಲಿ ಡಿಎಸ್‌ಎಲ್‌ಆರ್ ಫೋಕಸ್‌ಗೇ ಬರಲ್ಲ. ಯಾಕಂದ್ರೆ ಟಿ-ರಿಂಗ್ (ಕ್ಯಾಮೆರಾನ ಟೆಲಿಸ್ಕೋಪ್‌ಗೆ ಸೇರಿಸೋ ರಿಂಗ್) ಹಾಕಿದ್ಮೇಲೆ ಸೆನ್ಸರ್ ಆ ರಿಂಗ್‌ನಿಂದ 55 ಎಂಎಂ ಹಿಂದೆ ಇರುತ್ತೆ, ಐಪೀಸ್ ಕೂರೋ ಕೊಳವೆ ಅಂದ್ರೆ ಫೋಕಸರ್‌ನ ಪೂರ್ತಿ ಒಳಗೆ ತಿರುಗಿಸಿದ್ರೂ ಬಿಂಬ ಸೆನ್ಸರ್‌ವರೆಗೆ ತಲುಪೋದೇ ಇಲ್ಲ. ಪರೀಕ್ಷೆ ಸುಲಭ: ಚಂದ್ರ ಇರೋ ರಾತ್ರಿ ಟೆಲಿಸ್ಕೋಪ್ ತಿರುಗಿಸಿ, ಐಪೀಸ್ ತೆಗೀರಿ, ಫೋಕಸರ್‌ನ ಪೂರ್ತಿ ಒಳಗೆ ತಳ್ಳಿ, ಒಂದು ಟ್ರೇಸಿಂಗ್ ಪೇಪರ್‌ನ ಫೋಕಸರ್ ಬಾಯಿ ಮುಂದೆ ಹಿಡಿದು ನಿಧಾನಕ್ಕೆ ಹಿಂದೆ ಮುಂದೆ ಸರಿಸಿ. ಚಂದ್ರನ ಬಿಂಬ ಎಲ್ಲಿ ಚೂಪಾಗಿ ಕಾಣುತ್ತೋ ಅಲ್ಲಿಂದ ಫೋಕಸರ್ ಅಂಚಿನವರೆಗೆ ಸ್ಕೇಲ್‌ನಲ್ಲಿ ಅಳೀರಿ. 60 ಎಂಎಂ ಮೇಲೆ ಬಂದ್ರೆ ಡಿಎಸ್‌ಎಲ್‌ಆರ್ ಕೆಲಸ ಮಾಡುತ್ತೆ. 25, 30 ಎಂಎಂ ಬಂದ್ರೆ ನೇರವಾಗಿ ಆಗಲ್ಲ, ಬಾರ್ಲೋ ಮೂಲಕ ಮಾತ್ರ, ಆದ್ರೆ 2ಎಕ್ಸ್ ಬಾರ್ಲೋ ಹಾಕಿದ್ರೆ ಚಂದ್ರ 22 ಎಂಎಂ ಆಗಿ ಒಂದೇ ಫ್ರೇಮಲ್ಲಿ ಹಿಡಿಸಲ್ಲ. ಪುಟ್ಟ ಪ್ಲಾನೆಟರಿ ಕ್ಯಾಮೆರಾಗಳಲ್ಲಿ ಈ ತೊಂದರೆ ಇಲ್ಲ, ಅವುಗಳ ಸೆನ್ಸರ್ ಮೂತಿಯ ಹತ್ರಾನೇ, 20 ಎಂಎಂ ಒಳಗೇ ಇರುತ್ತೆ.

ಫೋಕಸ್‌ಗೆ ಬರ್ಲಿ ಅಂತ ಕೆಲವರು ಪ್ರೈಮರಿ ಕನ್ನಡೀನ ಮೇಲಕ್ಕೆ ಸರಿಸ್ತಾರೆ, ಟ್ಯೂಬ್ ಕೊಯ್ತಾರೆ. ಮೊದಲ ವರ್ಷದಲ್ಲೇ ಅದಕ್ಕೆ ಕೈ ಹಾಕ್ಬೇಡಿ.

ಹಳೇ ಡಿಎಸ್‌ಎಲ್‌ಆರ್ ತಗೊಂಡ್ರೆ ಲೈವ್ ವ್ಯೂ (ಹಿಂದಿನ ಸ್ಕ್ರೀನ್‌ನಲ್ಲೇ ನೇರವಾಗಿ ನೋಡೋ ಸೌಲಭ್ಯ) ಇರೋದನ್ನೇ ತಗೊಳ್ಳಿ, ಅದಿಲ್ದೆ ನಕ್ಷತ್ರಕ್ಕೆ ಫೋಕಸ್ ಮಾಡೋದು ನರಕ. ಕ್ಯಾನನ್ 550ಡಿ, 60ಡಿ ತರದ ಬಾಡಿಗಳಲ್ಲಿ 640 ಬೈ 480 ಕ್ರಾಪ್ ವಿಡಿಯೋ ಸೆಕೆಂಡಿಗೆ 60 ಫ್ರೇಮ್ ಬರುತ್ತೆ, ಸೆನ್ಸರ್‌ನ ನಡುಭಾಗವನ್ನ ಮಾತ್ರ ಓದೋದ್ರಿಂದ ಗ್ರಹಗಳಿಗೂ ಅದು ತಕ್ಕಮಟ್ಟಿಗೆ ಸಾಗುತ್ತೆ. ಬಾಡಿ ಭಾರಕ್ಕೆ ಡಾಬ್‌ನ ಮುಂಭಾಗ ಕೆಳಗೆ ಬಾಗೋದು ಖಚಿತ, ಸ್ಟೀಲ್ ಟ್ಯೂಬ್ ಆದ್ರೆ ಹಿಂದುಗಡೆ ಒಂದೆರಡು ದೊಡ್ಡ ಮ್ಯಾಗ್ನೆಟ್ ಅಂಟಿಸಿದ್ರೆ ಬ್ಯಾಲೆನ್ಸ್ ಸಿಗುತ್ತೆ.

ಚುಕ್ಕಿಬೆಳಕು:

ಬಾನದಾರಿ ಅವ್ರೇ, ಇವೆರಡೂ ತಗೊಳ್ಳೋ ಮೊದಲು ಫೋನ್ ಹೋಲ್ಡರ್ ಒಂದು ತಗೊಳ್ಳಿ, ಐಪೀಸ್‌ಗೆ ಬಿಗಿಯಾಗಿ ಕೂರೋದು, ಫೋನ್‌ನ ಮೂರು ದಿಕ್ಕಿಗೂ ಸರಿಸಬಹುದಾದ್ದು. 25 ಎಂಎಂ ಐಪೀಸ್ ಹಾಕಿ ಚಂದ್ರನ ಮೇಲೆ ಬೆರಳಿಟ್ಟು ಫೋಕಸ್ ಲಾಕ್ ಮಾಡಿ ಎಕ್ಸ್‌ಪೋಶರ್ ಕೆಳಗೆ ಎಳೀರಿ, ಟೈಮರ್ 2 ಸೆಕೆಂಡ್ ಇಡಿ. ಈಗಿನ ಫೋನ್‌ಗಳಲ್ಲಿ ಪ್ರೋ ಮೋಡ್ ಇದ್ರೆ ಗುರುವಿನ ವಿಡಿಯೋ ಕೂಡ ತೆಗೆದು ಅದೇ ಆಟೋಸ್ಟಾಕರ್ಟ್‌ಗೆ ಹಾಕ್ಬಹುದು. ಡಿಜಿಟಲ್ ಝೂಮ್ ಮುಟ್ಟಬೇಡಿ. ಚಂದ್ರನ ಫೋಟೋ ತೆಗೆಯೋ ಖುಷಿ ನಿಮಗೆ ಹತ್ತುತ್ತಾ, ಕಂಪ್ಯೂಟರ್ ಮುಂದೆ ಕೂತು ಪ್ರೊಸೆಸ್ ಮಾಡೋದು ಇಷ್ಟ ಆಗುತ್ತಾ ಅನ್ನೋದು ಇದರಲ್ಲೇ ಗೊತ್ತಾಗುತ್ತೆ, ಯಾಕಂದ್ರೆ ಈ ಹವ್ಯಾಸದಲ್ಲಿ ಅರ್ಧ ಸಮಯ ಕಂಪ್ಯೂಟರ್ ಮುಂದೇನೇ ಹೋಗೋದು.

ಮತ್ತೆ ಎಲ್ರಿಗೂ ಹೇಳೋ ಹಾಗೆ ಹೇಳ್ತೀನಿ, ಯಾವ ಕ್ಯಾಮೆರಾನೇ ಇರ್ಲಿ ಸೂರ್ಯನ ಕಡೆ ತಿರುಗಿಸೋದಾದ್ರೆ ಟ್ಯೂಬ್‌ನ ಮುಂದಿನ ಬಾಯಿಗೆ ಪೂರ್ತಿ ಮುಚ್ಚೋ ಸೋಲಾರ್ ಫಿಲ್ಟರ್ ಇರಲೇಬೇಕು. ಐಪೀಸ್‌ಗೆ ತಿರುಗಿಸಿ ಹಾಕೋ ಪುಟ್ಟ ಕಪ್ಪು ಫಿಲ್ಟರ್ ಬಿಸಿಗೆ ಒಡೆದುಹೋಗುತ್ತೆ. ಫೈಂಡರ್‌ಗೂ (ಗುರಿ ಹುಡುಕೋಕೆ ಟ್ಯೂಬ್ ಮೇಲಿರೋ ಪುಟ್ಟ ಟೆಲಿಸ್ಕೋಪ್) ಮುಚ್ಚಳ ಹಾಕಿ.

ಬಾನದಾರಿ:

ಎಷ್ಟು ವಿವರವಾಗಿ ಹೇಳಿದ್ರಿ, ಎಲ್ರಿಗೂ ತುಂಬಾ ಧನ್ಯವಾದ. ಮೆಗಾಪಿಕ್ಸೆಲ್ ವಿಷಯ ಈಗ ಸ್ಪಷ್ಟ ಆಯ್ತು. ಟ್ರೇಸಿಂಗ್ ಪೇಪರ್ ಪರೀಕ್ಷೆ ಮಾಡಿ ನೋಡ್ದೆ, ನನ್ನ ಫೋಕಸರ್‌ನಲ್ಲಿ 30 ಎಂಎಂ ಆಸುಪಾಸು ಬರ್ತಿದೆ, ಅಂದ್ರೆ ಡಿಎಸ್‌ಎಲ್‌ಆರ್ ನೇರವಾಗಿ ಆಗಲ್ಲ ಅಂತಾಯ್ತು. ಹಾಗಾದ್ರೆ ಪ್ಲಾನೆಟರಿ ಕ್ಯಾಮೆರಾ ಕಡೆಗೇ ಮನಸ್ಸು ವಾಲ್ತಿದೆ.

ಇನ್ನು ಮೂರು ಡೌಟ್. ನನ್ನ ಲ್ಯಾಪ್‌ಟಾಪ್ ಹಳೇದು, ಯುಎಸ್‌ಬಿ 2 ಮಾತ್ರ ಇದೆ, ನಡೆಯುತ್ತಾ? ಕೈಯಲ್ಲಿ ತಳ್ಳೋ ಡಾಬ್‌ನಲ್ಲಿ ಅಷ್ಟು ಪುಟ್ಟ ಸೆನ್ಸರ್ ಮೇಲೆ ಗುರುವನ್ನ ಹಿಡಿದು ನಿಲ್ಲಿಸೋದು ಹೇಗೆ? ಮುಂದೆ ಯಾವಾಗ್ಲಾದ್ರೂ ನೀಹಾರಿಕೆ ಕಡೆ ಹೋದ್ರೆ ಈ ಕ್ಯಾಮೆರಾಗೆ ಹಾಕಿದ ದುಡ್ಡು ದಂಡ ಆಗುತ್ತಾ?

ಉಲ್ಕೆ88:

ಹಿಡಿದು ನಿಲ್ಲಿಸೋದು ಬೇಡ, ಹರಿಯೋಕೆ ಬಿಡಿ. 2ಎಕ್ಸ್ ಬಾರ್ಲೋ ಹಾಕಿದಾಗ ಆ ಸೆನ್ಸರ್‌ನ ಉದ್ದ ಬದಿಯನ್ನ ದಾಟೋಕೆ ಗುರುಗೆ ಅರ್ಧ ನಿಮಿಷ ಬೇಕು. ಮೊದಲು ಕ್ಯಾಮೆರಾನ ಫೋಕಸರ್ ಒಳಗೆ ತಿರುಗಿಸಿ ತಿರುಗಿಸಿ, ಗ್ರಹ ಜಾರೋ ದಿಕ್ಕು ಸೆನ್ಸರ್‌ನ ಉದ್ದ ಬದಿಗೆ ಸಮಾನಾಂತರ ಆಗೋ ಹಾಗೆ ನಿಲ್ಲಿಸಿ. ಆಮೇಲೆ ಗುರುವನ್ನ ಫ್ರೇಮಿನ ಒಂದು ಅಂಚಿನಾಚೆ ಇಟ್ಟು ಕೈ ಬಿಡಿ, ಅಲುಗಾಟ ನಿಂತ ಮೇಲೆ ಅದಾಗದೇ ಒಳಗೆ ಬಂದು ಆ ಕಡೆ ಹೋಗುತ್ತೆ, ರೆಕಾರ್ಡಿಂಗ್ ಆಗ್ತಾನೇ ಇರಲಿ, ಹೊರಗೆ ಹೋದ ತಕ್ಷಣ ಮತ್ತೆ ತಳ್ಳಿ. ಪಿಪ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಅದು ಪ್ರತಿ ಫ್ರೇಮಲ್ಲೂ ಗ್ರಹವನ್ನ ಹುಡುಕಿ ಮಧ್ಯಕ್ಕೆ ತಂದು ಸುತ್ತಲಿನ ಕಪ್ಪನ್ನ ಕತ್ತರಿಸಿ ಎಲ್ಲಾ ವಿಡಿಯೋನೂ ಒಂದಾಗಿ ಜೋಡಿಸಿ ಕೊಡುತ್ತೆ. ಒಂದು ಎಚ್ಚರ, ಗುರು ತನ್ನ ಸುತ್ತ ತಿರುಗೋಕೆ ಹತ್ತು ಗಂಟೆಗಿಂತ ಕಮ್ಮಿ ತಗೊಳ್ಳುತ್ತೆ, ಹಾಗಾಗಿ ಒಟ್ಟು ಎರಡು ಮೂರು ನಿಮಿಷದ ಒಳಗಿನ ವಿಡಿಯೋ ಮಾತ್ರ ಒಂದು ಫೋಟೋಗೆ ಸೇರಿಸಿ, ಅದಕ್ಕಿಂತ ಜಾಸ್ತಿ ಆದ್ರೆ ಪಟ್ಟಿಯ ವಿವರ ಕಲಸಿಹೋಗುತ್ತೆ.

ಯುಎಸ್‌ಬಿ 2 ನಡೆಯುತ್ತೆ, ಆದ್ರೆ ಸೆಕೆಂಡಿಗೆ ಸುಮಾರು 40 ಎಂಬಿ ಮಾತ್ರ ಸಾಗಿಸುತ್ತೆ. ಪೂರ್ತಿ ಫ್ರೇಮ್ 8 ಬಿಟ್‌ನಲ್ಲಿ 2 ಎಂಬಿ, ಅಂದ್ರೆ ಸೆಕೆಂಡಿಗೆ ಇಪ್ಪತ್ತು ಫ್ರೇಮು. ಟ್ರ್ಯಾಕಿಂಗ್ ಇರೋರು ಈ ಪರಿಸ್ಥಿತೀಲಿ 640 ಬೈ 480 ಚೌಕ ಇಟ್ಕೊಳ್ತಾರೆ, ನಿಮಗೆ ಅದು ಆಗಲ್ಲ, ಹತ್ತು ಸೆಕೆಂಡಲ್ಲಿ ಗ್ರಹ ಆಚೆ ಹೋಗುತ್ತೆ. ನೀವು ಅಗಲ ಪೂರ್ತಿ ಇಟ್ಟು ಎತ್ತರ ಮಾತ್ರ ಕಮ್ಮಿ ಮಾಡಿ, 1936 ಬೈ 400 ತರ. ಆಗ ಸೆಕೆಂಡಿಗೆ ಸುಮಾರು ಐವತ್ತು ಫ್ರೇಮ್ ಬರುತ್ತೆ, ಒಂದು ಸಲ ಗ್ರಹ ದಾಟಿ ಹೋಗೋಷ್ಟರಲ್ಲಿ 1500 ಫ್ರೇಮ್, ಶುರುಗೆ ಧಾರಾಳ. ಆ ಒಂದು ಓಟಕ್ಕೇ 1 ಜಿಬಿ ಮೇಲೆ ಜಾಗ ಬೇಕು, ಡಿಸ್ಕ್ ಖಾಲಿ ಮಾಡಿಟ್ಕೊಳ್ಳಿ, ಸಾಧ್ಯ ಆದ್ರೆ ಎಸ್‌ಎಸ್‌ಡಿ ಹಾಕಿಸಿ. ಕ್ಯಾಪ್ಚರ್‌ಗೆ ಶಾರ್ಪ್‌ಕ್ಯಾಪ್ ಅಥವಾ ಫೈರ್‌ಕ್ಯಾಪ್ಚರ್, ಎರಡರಲ್ಲೂ ಈ ಸೆಟ್ಟಿಂಗ್ ಇದೆ.

ಇದೆಲ್ಲಕ್ಕಿಂತ ಮುಖ್ಯ ಕಾಲಿಮೇಶನ್. ಕನ್ನಡಿಗಳು ಸರಿಯಾಗಿ ಹೊಂದಿಲ್ಲ ಅಂದ್ರೆ ಯಾವ ಸೆನ್ಸರ್ ಹಾಕಿದ್ರೂ ಅದೇ ಮಸುಕು. ಟೆಲಿಸ್ಕೋಪ್‌ನ ಒಂದು ಗಂಟೆ ಮುಂಚೆ ಹೊರಗಿಟ್ಟು ಕನ್ನಡಿ ತಣ್ಣಗಾಗೋಕೆ ಬಿಡಿ. ಗ್ರಹ ಆಕಾಶದಲ್ಲಿ ಎತ್ತರಕ್ಕೆ ಬಂದ ಮೇಲೆ ತೆಗೀರಿ.

ಕತ್ತಲುಬಾನು:

ಮೂರನೇ ಪ್ರಶ್ನೆಗೆ ನಾನು ಹೇಳ್ತೀನಿ, ದುಡ್ಡು ದಂಡ ಆಗಲ್ಲ. ನೀಹಾರಿಕೆ ಫೋಟೋಗ್ರಫಿಯಲ್ಲಿ ಗೈಡಿಂಗ್ ಅಂತ ಬರುತ್ತೆ, ಒಂದು ಪುಟ್ಟ ಟೆಲಿಸ್ಕೋಪ್ ಮತ್ತೆ ಪುಟ್ಟ ಕ್ಯಾಮೆರಾ ಒಂದು ನಕ್ಷತ್ರವನ್ನ ನೋಡ್ತಾ ಮೌಂಟು ಎಲ್ಲಿ ತಪ್ತಾ ಇದೆ ಅಂತ ಪಿಎಚ್‌ಡಿ2 ಸಾಫ್ಟ್‌ವೇರ್‌ಗೆ ತಿಳಿಸ್ತಾ ಇರುತ್ತೆ, ಅದು ತಿದ್ತಾ ಇರುತ್ತೆ. ಇವತ್ತು ತಗೊಳ್ಳೋ ಪ್ಲಾನೆಟರಿ ಕ್ಯಾಮೆರಾನೇ ನಾಳೆ ನಿಮ್ಮ ಗೈಡ್ ಕ್ಯಾಮೆರಾ.

ಆ ದಿನ ಬಂದಾಗ ದುಡ್ಡಿನ ದೊಡ್ಡ ಪಾಲು ಮೌಂಟಿಗೆ ಹೋಗ್ಲಿ. ಮನೆ ಕಟ್ಟುವಾಗ ಪಾಯದಲ್ಲಿ ಉಳಿತಾಯ ಮಾಡಿ ಬಾಗಿಲಿಗೆ ಕೆತ್ತನೆ ಮಾಡಿಸಿದ ಹಾಗೆ ಆಗುತ್ತೆ, ದುಬಾರಿ ಕ್ಯಾಮೆರಾನ ತೆಳ್ಳಗಿನ ಮೌಂಟ್ ಮೇಲೆ ಕೂರಿಸಿದ್ರೆ. ಮೌಂಟ್ ಎಷ್ಟು ಕೆಜಿ ಹೊರುತ್ತೆ ಅಂತ ಕಂಪನಿ ಬರೆದಿರುತ್ತೋ ಫೋಟೋಗೆ ಅದರ ಅರ್ಧ ಅಂತ ಲೆಕ್ಕ ಹಿಡೀರಿ. ಹಾಗೆ ನೋಡಿದ್ರೆ ನಿಮ್ಮ 8 ಇಂಚಿನ ಟ್ಯೂಬ್ ಹೊರೋಕೆ ತುಂಬಾ ದೊಡ್ಡ ಈಕ್ವಟೋರಿಯಲ್ ಮೌಂಟೇ (ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ತಿರುಗೋದು) ಬೇಕಾಗುತ್ತೆ, ಅದಕ್ಕೆ ಡಾಬ್‌ನ ಗ್ರಹಗಳಿಗೆ ಬಿಟ್ಟು ನೀಹಾರಿಕೆಗೆ ಬೇರೆ 60ರಿಂದ 80 ಎಂಎಂ ರಿಫ್ರಾಕ್ಟರ್ (ಲೆನ್ಸ್ ಟೆಲಿಸ್ಕೋಪ್) ಇಟ್ಕೊಳ್ಳೋದು ಒಳ್ಳೇದು. ಆಂಡ್ರೊಮಿಡಾ ಗೆಲಾಕ್ಸಿ ಆಕಾಶದಲ್ಲಿ ಮೂರು ಡಿಗ್ರಿ ಉದ್ದ ಇದೆ, ಅಂದ್ರೆ ಆರು ಚಂದ್ರ ಸಾಲಾಗಿ ಇಟ್ಟಷ್ಟು. 1200 ಎಂಎಂನಲ್ಲಿ ಎಪಿಎಸ್‌ಸಿ ಸೆನ್ಸರ್ ಹಾಕಿದ್ರೂ ಒಂದು ಡಿಗ್ರಿ ಚಿಲ್ಲರೆ ಮಾತ್ರ ಕಾಣೋದು, ನಡುಭಾಗ ಬಿಟ್ರೆ ಏನೂ ಹಿಡಿಸಲ್ಲ. ಅದೇ ಡಿಎಸ್‌ಎಲ್‌ಆರ್‌ಗೆ 135 ಎಂಎಂ ಲೆನ್ಸ್ ಹಾಕಿ ಆಕಾಶದ ಜೊತೆ ಕ್ಯಾಮೆರಾ ತಿರುಗಿಸೋ ಪುಟ್ಟ ಸ್ಟಾರ್ ಟ್ರ್ಯಾಕರ್ ಮೇಲಿಟ್ರೆ ಇಡೀ ಗೆಲಾಕ್ಸಿ ಸುತ್ತಮುತ್ತಲಿನ ನಕ್ಷತ್ರಗಳ ಜೊತೆ ಸಿಗುತ್ತೆ. ಮಾಮೂಲಿ ಡಿಎಸ್‌ಎಲ್‌ಆರ್‌ನಲ್ಲಿ ಸೆನ್ಸರ್ ಮುಂದೆ ಇರೋ ಫಿಲ್ಟರ್ 656 ನ್ಯಾನೋಮೀಟರ್‌ನ ಹೈಡ್ರೋಜನ್ ಕೆಂಪನ್ನ ಬಹುಪಾಲು ತಡೆಯುತ್ತೆ, ಹಾಗಾಗಿ ಕೆಂಪು ನೀಹಾರಿಕೆಗಳು ಮಂಕಾಗಿ ಬರುತ್ವೆ, ಗೆಲಾಕ್ಸಿ ಮತ್ತೆ ಕೃತ್ತಿಕೆ ತರದ ಗುಚ್ಛಗಳಿಗೆ ಆ ತೊಂದರೆ ಇಲ್ಲ.

ಕೂಲ್ಡ್ ಕ್ಯಾಮೆರಾ ಕೊನೇಗೆ. ಸೆನ್ಸರ್ ಬಿಸಿ ಆರೇಳು ಡಿಗ್ರಿ ಏರಿದ್ರೆ ಡಾರ್ಕ್ ಕರೆಂಟ್ (ಬೆಳಕು ಇಲ್ದಿದ್ರೂ ಬಿಸಿಯಿಂದ ಸೆನ್ಸರ್‌ನಲ್ಲಿ ಹುಟ್ಟೋ ಸಿಗ್ನಲ್) ಎರಡರಷ್ಟಾಗುತ್ತೆ, ನಿಮಿಷಗಟ್ಟಲೆ ಎಕ್ಸ್‌ಪೋಶರ್ ಕೊಡೋರಿಗೆ ಅದು ದೊಡ್ಡ ವಿಷಯ. 10 ಮಿಲಿಸೆಕೆಂಡ್‌ನಲ್ಲಿ ಗುರುವನ್ನ ತೆಗೆಯೋರಿಗೆ ಕೂಲಿಂಗ್‌ನಿಂದ ಏನೂ ಲಾಭ ಇಲ್ಲ.

ಶನಿಬಳೆ:

ಮಧ್ಯೆ ಬಾಯಿ ಹಾಕ್ತಿರೋದಕ್ಕೆ ಬೇಜಾರ್ ಮಾಡ್ಕೋಬೇಡಿ. ಮೌಂಟು ಗೈಡಿಂಗು ಇಷ್ಟೆಲ್ಲ ರಗಳೆ ಯಾಕೆ, ಸೀಸ್ಟಾರ್ ಎಸ್50 ತರ ಸ್ಮಾರ್ಟ್ ಟೆಲಿಸ್ಕೋಪ್ ತಗೊಂಡ್ರೆ ನೀಹಾರಿಕೆ ಗ್ರಹ ಎಲ್ಲಾ ಫೋನ್‌ನಲ್ಲೇ ಬರಲ್ವಾ?

ಉಲ್ಕೆ88:

ನೀಹಾರಿಕೆಗೆ ಖಂಡಿತ ಒಳ್ಳೇದು, ತಾನೇ ಹುಡುಕಿ ತಾನೇ ಟ್ರ್ಯಾಕ್ ಮಾಡಿ ತಾನೇ ಸ್ಟ್ಯಾಕ್ ಮಾಡುತ್ತೆ. ಈಗಾಗ್ಲೇ ಡಾಬ್ ಇರೋರಿಗೆ ಎರಡನೇ ಸಾಮಾನಾಗಿ ನಾನೂ ಅದನ್ನ ಹೇಳ್ತೀನಿ. ಗ್ರಹಕ್ಕೆ ಮಾತ್ರ ಅಲ್ಲ. ಅದರೊಳಗೂ ಇರೋದು ಅದೇ ಐಎಂಎಕ್ಸ್462, ಆದ್ರೆ ಲೆನ್ಸ್ 50 ಎಂಎಂ, ಫೋಕಲ್ ಲೆಂತ್ 250 ಎಂಎಂ, ಲೆಕ್ಕ ಹಾಕಿದ್ರೆ ಗುರು ಬರೋದು ಇಪ್ಪತ್ತು ಪಿಕ್ಸೆಲ್ ಅಗಲಕ್ಕೆ. ಬಾನದಾರಿ ಅವ್ರ ಡಾಬ್‌ನಲ್ಲಿ ಬಾರ್ಲೋ ಹಾಕಿ ಅದೇ ಸೆನ್ಸರ್ ಇಟ್ರೆ 180 ಪಿಕ್ಸೆಲ್.

ಬಾನದಾರಿ:

ಸರಿ ಹಾಗಾದ್ರೆ, ಐಎಂಎಕ್ಸ್462 ಕಲರ್ ಕ್ಯಾಮೆರಾ, 2ಎಕ್ಸ್ ಬಾರ್ಲೋ, ಅದಕ್ಕೂ ಮುಂಚೆ ಫೋನ್ ಹೋಲ್ಡರ್. ಇನ್ನೇನಾದ್ರೂ ಬಿಟ್ಟಿದ್ದೀನಾ?

ಚುಕ್ಕಿಬೆಳಕು:

ಯುವಿ-ಐಆರ್ ಕಟ್ ಫಿಲ್ಟರ್ ಒಂದು ಸೇರಿಸಿ, 1.25 ಇಂಚಿಂದು. ಈ ಸೆನ್ಸರ್ ಇನ್‌ಫ್ರಾರೆಡ್‌ನ ತುಂಬಾ ಚೆನ್ನಾಗಿ ಹಿಡಿಯುತ್ತೆ, ಫಿಲ್ಟರ್ ಇಲ್ದೆ ಬಣ್ಣ ಎಲ್ಲಾ ತೊಳೆದ ಹಾಗೆ ಬರುತ್ತೆ. ಕೆಲವು ಕ್ಯಾಮೆರಾಗಳ ಡಬ್ಬೀಲೇ ಕೊಟ್ಟಿರ್ತಾರೆ, ಆರ್ಡರ್ ಮಾಡೋ ಮುಂಚೆ ನೋಡ್ಕೊಳ್ಳಿ. ಅದನ್ನ ಕ್ಯಾಮೆರಾ ಮೂತಿಯ ತುದಿಗೆ ತಿರುಗಿಸಿ ಹಾಕಿ, ಆಮೇಲೆ ಬಾರ್ಲೋ ಒಳಗೆ ತೂರಿಸಿ. ಮೊದಲ ರಾತ್ರಿ ಬಾರ್ಲೋ ಇಲ್ದೆ ಚಂದ್ರನ ಮೇಲೆ ಫೋಕಸ್ ಸರಿಮಾಡ್ಕೊಂಡು, ಫೋಕಸರ್ ನಿಂತ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಫೈಂಡರ್‌ನ ಕ್ಯಾಮೆರಾಕ್ಕೆ ಸರಿಯಾಗಿ ಹೊಂದಿಸ್ಕೊಳ್ಳಿ. ಫೈಂಡರ್ ಸ್ವಲ್ಪ ಆಚೀಚೆ ಇದ್ರೂ ಬಾರ್ಲೋ ಹಾಕಿದ ಮೇಲೆ ಗುರು ಸ್ಕ್ರೀನ್‌ಗೆ ಬರೋದೇ ಇಲ್ಲ.